ಸಣ್ಣ ಮಣಿಕಟ್ಟಿಗೆ ಎಷ್ಟು ದೊಡ್ಡ ವಾಚು?

ಪ್ರಶ್ನೆ: ನನಗೆ 38 ವರ್ಷ. ಎರಡು ವರ್ಷಗಳಿಂದ ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡುತ್ತಿದ್ದೇನೆ. ಈ ವರ್ಷ 21 ಕಿ.ಮೀ. ಓಟದಲ್ಲಿ ಭಾಗವಹಿಸುವ ಆಸೆಯಿದೆ. ಓಟಕ್ಕೆಂದು ಸ್ಮಾರ್ಟ್‌ವಾಚ್ ನೋಡಲು ಹೋದರೆ ಒಂದೇ ಮಾದರಿಯಲ್ಲಿ 42 ಮತ್ತು 46 ಮಿ.ಮೀ. ಎಂದು ಎರಡು ಅಳತೆಗಳಿವೆ. ನನ್ನ ಮಣಿಕಟ್ಟಿನ ಸುತ್ತಳತೆ ಬರೀ 14 ಸೆಂ.ಮೀ. ಚಿಕ್ಕದರಲ್ಲಿ ಬ್ಯಾಟರಿ ಬಾಳುವುದಿಲ್ಲ, ಅಕ್ಷರ ಕಾಣುವುದಿಲ್ಲ, ದೊಡ್ಡದನ್ನೇ ಕೊಳ್ಳಿ ಎಂದು ನನ್ನ ಮೈದುನ ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಡಬ್ಬದ ಮೇಲಿನ ಸಂಖ್ಯೆಯನ್ನು ಸ್ವಲ್ಪ ಹೊತ್ತು ಮರೆತು ನಿಮ್ಮ ಕೈಯನ್ನೇ ಇನ್ನೊಮ್ಮೆ ಅಳೆಯಿರಿ. ಸುತ್ತಳತೆಯಿಂದ ಬೆಲ್ಟು ಸಾಲುತ್ತದೆಯೇ ಎಂಬುದು ಮಾತ್ರ ತಿಳಿಯುತ್ತದೆ. ವಾಚು ಕೂರುತ್ತದೆಯೇ ಎಂಬುದು ತಿಳಿಯುವುದು ಮಣಿಕಟ್ಟಿನ ಮೇಲ್ಭಾಗದ ಅಗಲದಿಂದ. ಅಂಗೈಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ಕಿರುಬೆರಳಿನ ಕಡೆ ಉಬ್ಬಿರುವ ಮೂಳೆಯಿಂದ ಒಂದು ಬೆರಳಿನಷ್ಟು ಹಿಂದೆ, ಅಂದರೆ ಮೊಣಕೈ ಕಡೆಗೆ, ಸ್ಕೇಲನ್ನು ಅಡ್ಡ ಹಿಡಿದು ನೋಡಿ. ಸುತ್ತಳತೆ 14 ಸೆಂ.ಮೀ. ಇರುವವರಲ್ಲಿ ಈ ಅಗಲ ಸುಮಾರು 5 ಸೆಂ.ಮೀ. ಇರುತ್ತದೆ, ಅದರಲ್ಲೂ ಎರಡೂ ಅಂಚು ಇಳಿಜಾರಾಗಿರುವುದರಿಂದ ನಿಜವಾಗಿ ಸಮತಟ್ಟಾದ ಜಾಗ ಇನ್ನೂ ಕಡಿಮೆ.

ದುಂಡನೆಯ ವಾಚಿನ 42, 46 ಎಂಬ ಸಂಖ್ಯೆಗಳು ಕೇಸಿನ ವ್ಯಾಸವನ್ನು ಹೇಳುತ್ತವೆಯೇ ಹೊರತು, ಬೆಲ್ಟನ್ನು ಕೂಡಿಸಲು ಮೇಲೂ ಕೆಳಗೂ ಚಾಚಿಕೊಂಡಿರುವ ಲಗ್ಗುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವುಗಳನ್ನೂ ಸೇರಿಸಿಕೊಂಡರೆ 46 ಮಿ.ಮೀ. ವಾಚು ನಿಮ್ಮ ಕೈಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಚಾಚಿಕೊಳ್ಳುತ್ತದೆ. ಬೆಲ್ಟು ಚರ್ಮಕ್ಕೆ ಒತ್ತಿಕೊಂಡು ಇಳಿಯುವ ಬದಲು ಅಂಚಿನಲ್ಲಿ ಕಮಾನಿನಂತೆ ಎದ್ದು ನಿಲ್ಲುತ್ತದೆ. ಆ ಕಮಾನಿನ ಕೆಳಗೆ ಬೆಳಕು ನುಸುಳುವಷ್ಟು ಸಂದು ಇದ್ದರೆ ವಾಚು ನಿಮ್ಮ ಕೈಗೆ ದೊಡ್ಡದಾಯಿತು ಎಂದೇ ಅರ್ಥ. ಆಪಲ್ ವಾಚಿನಂಥ ಚೌಕಾಕಾರದವುಗಳ ಲೆಕ್ಕ ಬೇರೆ: ಅಲ್ಲಿ 40 ಎಂದರೆ ಕೇಸಿನ ಎತ್ತರ, ಲಗ್ಗುಗಳು ಹೊರಗೆ ಚಾಚುವುದಿಲ್ಲ, ಅಗಲ ಇನ್ನೂ ಕಡಿಮೆ. ಆದ್ದರಿಂದ ದುಂಡನೆಯ 42ನ್ನೂ ಚೌಕದ 42ನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ನಿಮ್ಮ ಮೈದುನರ ವಾದಕ್ಕೆ ಬರೋಣ. ಚಿಕ್ಕ ವಾಚಿನ ಬ್ಯಾಟರಿ ಬೇಗ ಮುಗಿಯುತ್ತದೆ ಎಂಬುದು ಹಲವು ಮಾದರಿಗಳ ಮಟ್ಟಿಗೆ ನಿಜ. ಗಾರ್ಮಿನ್ ಕಂಪನಿಯ ಫೀನಿಕ್ಸ್ 7 ಸರಣಿಯಲ್ಲಿ 42 ಮಿ.ಮೀ. ವಾಚಿಗೆ 11 ದಿನ, 47ಕ್ಕೆ 18 ದಿನ, 51ಕ್ಕೆ 28 ದಿನ ಎಂದು ಕಂಪನಿಯೇ ಹೇಳುತ್ತದೆ. ಆದರೆ ಅದೇ ಕಂಪನಿ 2023ರಲ್ಲಿ ಬಿಡುಗಡೆ ಮಾಡಿದ ಫೋರ್‌ರನ್ನರ್ 265 ಮಾದರಿಯಲ್ಲಿ ಲೆಕ್ಕ ತಿರುವುಮುರುವಾಗಿದೆ. ಅದರ ಚಿಕ್ಕ ರೂಪವಾದ 265ಎಸ್‌ಗೆ 15 ದಿನ, ದೊಡ್ಡದಕ್ಕೆ 13 ದಿನ; ಜಿಪಿಎಸ್ ಹಾಕಿಕೊಂಡು ಓಡಿದರೆ ಚಿಕ್ಕದು 24 ಗಂಟೆ, ದೊಡ್ಡದು 20 ಗಂಟೆ. ಚಿಕ್ಕ ಪರದೆ ಕಡಿಮೆ ವಿದ್ಯುತ್ ನುಂಗುವುದು ಇದಕ್ಕೊಂದು ಕಾರಣ. 21 ಕಿ.ಮೀ. ಓಟವನ್ನು ನೀವು ಎಷ್ಟೇ ನಿಧಾನವಾಗಿ ಮುಗಿಸಿದರೂ ಮೂರೂವರೆ ಗಂಟೆ ದಾಟಲಿಕ್ಕಿಲ್ಲ. ಈ ಮಾದರಿಯಲ್ಲಾದರೆ ಬ್ಯಾಟರಿಯ ಚಿಂತೆಯನ್ನು ಬಿಟ್ಟುಬಿಡಬಹುದು.

ಅಕ್ಷರದ ವಿಷಯದಲ್ಲಿ ಮಾತ್ರ ಅವರ ಮಾತಿನಲ್ಲಿ ಹುರುಳಿದೆ. ಚಿಕ್ಕದರ ಪರದೆ 1.1 ಇಂಚು, ದೊಡ್ಡದರದು 1.3 ಇಂಚು. ಓಡುತ್ತ, ಬೆವರು ಕಣ್ಣಿಗಿಳಿಯುತ್ತಿರುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಇನ್ನು ಕೆಲವು ವರ್ಷಗಳಲ್ಲಿ ಚಾಳೀಸು ಬಂದಾಗ ಇನ್ನೂ ಹೆಚ್ಚು ಗೊತ್ತಾಗುತ್ತದೆ. ಒಂದು ಪರದೆಯಲ್ಲಿ ಐದಾರು ಅಂಕಿಗಳನ್ನು ತುಂಬುವ ಬದಲು ದೂರ, ವೇಗ, ಹೃದಯಬಡಿತ ಎಂಬ ಮೂರನ್ನೇ ಇಟ್ಟುಕೊಂಡರೆ ಅಕ್ಷರಗಳು ತಾವಾಗಿಯೇ ದೊಡ್ಡದಾಗುತ್ತವೆ. ಓಡುವಾಗ ಅದಕ್ಕಿಂತ ಹೆಚ್ಚು ಯಾರಿಗೆ ಬೇಕು?

ತೂಕವನ್ನೂ ಗಮನಿಸಿ. 265ಎಸ್ 39 ಗ್ರಾಂ, 265 ಆದರೆ 47 ಗ್ರಾಂ. ಕೈಯಲ್ಲಿ ಹಿಡಿದು ನೋಡಿದರೆ ಎಂಟು ಗ್ರಾಂ ಏನೂ ಅಲ್ಲ. ಆದರೆ ಸಣ್ಣ ಕೈಯ ಮೇಲೆ, ಪ್ರತಿ ಹೆಜ್ಜೆಗೂ ತೋಳು ಹಿಂದೆ ಮುಂದೆ ಬೀಸುವಾಗ, ಭಾರವಾದ ವಾಚು ಒಂದೇ ಸಮನೆ ಜಾರಿ ಮೂಳೆಗೆ ಬಡಿಯುತ್ತಿರುತ್ತದೆ. ಅದನ್ನು ತಡೆಯಲು ಬೆಲ್ಟು ಬಿಗಿದರೆ ಚರ್ಮದ ಮೇಲೆ ಬರೆ ಏಳುತ್ತದೆ.

ಅಂಗಡಿಯಲ್ಲಿ ಕಟ್ಟಿಕೊಂಡು ನೋಡುವಾಗ ಕನ್ನಡಿಯ ಮುಂದೆ ನಿಂತರಷ್ಟೇ ಸಾಲದು. ಗೋಡೆಗೆ ಅಂಗೈಯೂರಿ, ಸೂರ್ಯನಮಸ್ಕಾರದಲ್ಲಿ ಮಾಡುವಂತೆ ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಿ. ಆಗ ವಾಚಿನ ಪಕ್ಕದ ಗುಂಡಿ ಮುಂಗೈಗೆ ಚುಚ್ಚಿದರೆ, ಓಡುವಾಗಲೂ ಅದು ತಾನೇ ಅದುಮಿಕೊಂಡು ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸುವ ಸಂಭವವಿದೆ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ದಪ್ಪ ರಟ್ಟಿನಲ್ಲಿ 42 ಮತ್ತು 46 ಮಿ.ಮೀ. ವ್ಯಾಸದ ಎರಡು ಬಿಲ್ಲೆಗಳನ್ನು ಕತ್ತರಿಸಿ ಕೈ ಮೇಲಿಟ್ಟು ನೋಡಿ. ಚಿಲ್ಲರೆ ಉಪಾಯವೆನಿಸಿದರೂ ಕೊಂಡದ್ದನ್ನು ಹಿಂದಿರುಗಿಸುವ ತಾಪತ್ರಯ ತಪ್ಪುತ್ತದೆ. ಇಷ್ಟೆಲ್ಲ ನೋಡಿದ ಮೇಲೆ ನಿಮಗೆ ನನ್ನ ಸಲಹೆ 42.

ಪ್ರಶ್ನೆ: ನನ್ನ ಕೈ ಬಹಳ ಸಣಕಲು. ಆರಾಮವಾಗಿ ಓಡುತ್ತಿದ್ದರೂ ವಾಚು ಕೆಲವೊಮ್ಮೆ ಹೃದಯಬಡಿತ 170 ಎಂದು ತೋರಿಸುತ್ತದೆ. ನಿಂತು ಕುತ್ತಿಗೆಯ ನಾಡಿ ಎಣಿಸಿದರೆ 130ರ ಆಸುಪಾಸು ಇರುತ್ತದೆ. ವಾಚು ಕೆಟ್ಟಿದೆಯೇ?
– ಓದುಗರು, ಧಾರವಾಡ

ಉತ್ತರ: ನಿಂತೊಡನೆ ನಾಡಿ ಒಂದಿಷ್ಟು ಇಳಿಯುವುದು ಸಹಜ, ಆದರೆ ಕ್ಷಣದಲ್ಲೇ ನಲವತ್ತರಷ್ಟು ಇಳಿಯುವುದಿಲ್ಲ, ಹೀಗಾಗಿ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ವಾಚು ಕೆಟ್ಟಿರುವುದಕ್ಕಿಂತ ಮೋಸಹೋಗಿರುವ ಸಾಧ್ಯತೆಯೇ ಹೆಚ್ಚು. ಅದರ ಬೆನ್ನಿನಲ್ಲಿರುವ ಹಸಿರು ದೀಪಗಳ ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೆ ರಕ್ತದ ಪ್ರಮಾಣ ಏರಿಳಿದಂತೆ ಮರಳಿ ಬರುವ ಬೆಳಕೂ ಏರಿಳಿಯುತ್ತದೆ, ಸೆನ್ಸರ್ ಎಣಿಸುವುದು ಆ ಏರಿಳಿತವನ್ನು. ವಾಚು ಸಡಿಲವಾಗಿ ಅಲುಗಾಡಿದಾಗ ಹೊರಗಿನ ಬೆಳಕು ಒಳಹೊಕ್ಕು, ಹೆಜ್ಜೆಯ ಕುಲುಕಾಟವೇ ಬಡಿತದಂತೆ ದಾಖಲಾಗುತ್ತದೆ. ಓಡುವವರು ಸಾಮಾನ್ಯವಾಗಿ ನಿಮಿಷಕ್ಕೆ 160ರಿಂದ 180 ಹೆಜ್ಜೆ ಹಾಕುತ್ತಾರೆ. ಮುಂದಿನ ಸಲ ಹಾಗೆ ತೋರಿಸಿದಾಗ ಹೆಜ್ಜೆಗಳ ಸಂಖ್ಯೆಯನ್ನೂ ನೋಡಿ: ಅದೂ 170 ಇದ್ದರೆ ಕಳ್ಳ ಸಿಕ್ಕಿದಂತೆ.

ಸಣಕಲು ಕೈಯಲ್ಲಿ ದೊಡ್ಡ ವಾಚಿನ ಸೆನ್ಸರ್ ಮೂಳೆಯ ಉಬ್ಬಿನ ಮೇಲೆ ಹತ್ತಿ ಕೂರುವುದರಿಂದ ಈ ತೊಂದರೆ ಹೆಚ್ಚು. ವಾಚನ್ನು ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿ, ಓಡುವಷ್ಟು ಹೊತ್ತು ಬೆಲ್ಟನ್ನು ಒಂದು ತೂತು ಬಿಗಿ ಮಾಡಿ, ಮುಗಿದ ಮೇಲೆ ಸಡಿಲಿಸಿ. ಚಳಿಗಾಲದ ಬೆಳಗಿನಲ್ಲಿ ಚರ್ಮದಡಿಯ ರಕ್ತಸಂಚಾರ ಕಡಿಮೆಯಿರುವುದರಿಂದ ಹೊರಡುವ ಮುನ್ನ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದೂ ಒಳ್ಳೆಯದು. ಇಷ್ಟಾದರೂ ಸರಿಹೋಗದಿದ್ದರೆ ಎದೆಗೆ ಕಟ್ಟುವ ಪಟ್ಟಿಯನ್ನು ವಾಚಿಗೆ ಜೋಡಿಸಿಕೊಳ್ಳಬಹುದು. ಅದು ಬೆಳಕನ್ನಲ್ಲ, ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಆದರೆ ಓಡುವಾಗ ಎದೆನೋವೋ ತಲೆಸುತ್ತೋ ಕಾಣಿಸಿದರೆ ವಾಚನ್ನು ಸರಿಮಾಡುತ್ತ ಕೂರದೆ ವೈದ್ಯರನ್ನು ಕಾಣಿರಿ.

ಪ್ರಶ್ನೆ: ಬೆಲ್ಟಿನ ಕೊನೆಯ ತೂತಿಗೆ ಹಾಕಿದರೂ ವಾಚು ಸಡಿಲ. ಇನ್ನೊಂದು ತೂತು ಹಾಕಿಸಬಹುದೇ?
– ಓದುಗರು, ಸಾಗರ

ಉತ್ತರ: ಚರ್ಮದ ಬೆಲ್ಟಾದರೆ ಧಾರಾಳವಾಗಿ ಹಾಕಿಸಿ. ಸಿಲಿಕೋನ್ ಬೆಲ್ಟಿಗೆ ಬೇಡ, ತೂತಿನ ಅಂಚಿನಿಂದಲೇ ಸೀಳು ಬಿಡುತ್ತದೆ. ಅದರ ಬದಲು, ಅಂಟುಪಟ್ಟಿಯಿರುವ ನೈಲಾನ್ ಬೆಲ್ಟು ಹಾಕಿಕೊಳ್ಳಿ. ಅದಕ್ಕೆ ತೂತುಗಳ ಹಂಗಿಲ್ಲ, ಬೇಕಾದಷ್ಟೇ ಬಿಗಿಯಬಹುದು, ಬೆವರಿದರೆ ಒಗೆದು ಒಣಗಿಸಬಹುದು. ಕೊಳ್ಳುವ ಮುನ್ನ ಹಳೆಯ ಬೆಲ್ಟು ವಾಚಿಗೆ ಕೂಡುವ ಜಾಗದ ಅಗಲವನ್ನು ಅಳೆದುಕೊಳ್ಳಿ. ಮೇಲೆ ಹೇಳಿದ 265ಎಸ್‌ಗೆ 18 ಮಿ.ಮೀ. ಬೆಲ್ಟು, 265ಕ್ಕೆ 22 ಮಿ.ಮೀ.; ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.