ಪಶ್ಚಿಮ ಆಫ್ರಿಕಾದ ಟಿಂಬಕ್ಟು ನಗರದ ಹಳೆಯ ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡಿಟ್ಟರೆ ಸಾಲದೇ?

ಸಾಲದು. ಅಕ್ಷರ ಉಳಿದೀತು, ಕಾಗದದ ನೀರುಗುರುತು (ಬೆಳಕಿಗೆ ಹಿಡಿದರೆ ಕಾಣುವ ತಯಾರಕರ ಗುರುತು), ಚರ್ಮದ ಹೊದಿಕೆ ಹೇಳುವ ವ್ಯಾಪಾರದ ಕಥೆ ಉಳಿಯದು.

2012ರಲ್ಲಿ ಉಗ್ರರು ಮಾಲಿಯ ಟಿಂಬಕ್ಟುವನ್ನು ಹಿಡಿದಾಗ ಸ್ಥಳೀಯರು ಮನೆತನಗಳ ಸಂಗ್ರಹಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಗುಟ್ಟಾಗಿ ರಾಜಧಾನಿ ಬಮಾಕೊಗೆ ಸಾಗಿಸಿದರು. ಉಗ್ರರ ಬೆಂಕಿಯಿಂದ ಪಾರಾದವು, ತೇವಕ್ಕೆ ಸಿಕ್ಕವು. ಮರುಭೂಮಿಯ ಒಣಹವೆಗೆ ಒಗ್ಗಿದ ಕಾಗದಕ್ಕೆ ಬಮಾಕೊದ ಮಳೆಗಾಲ ಆಗಿಬರುವುದಿಲ್ಲ: ತೇವಾಂಶ ಶೇ. 65 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ.

ಹಾಗಾಗಿ ಸಂರಕ್ಷಕರು ಮೃದು ಕುಂಚದಿಂದ ಧೂಳು ತೆಗೆದು, ಹರಿದಲ್ಲಿ ತೆಳು ಜಪಾನಿ ಕಾಗದವನ್ನು ಗೋಧಿಪಿಷ್ಟದ ಅಂಟಿನಿಂದ ಹಚ್ಚಿ, ಆಮ್ಲರಹಿತ ಪೆಟ್ಟಿಗೆಯಲ್ಲಿಡುತ್ತಾರೆ. ಕಬ್ಬಿಣಾಂಶದ ಶಾಯಿಯಿದ್ದಲ್ಲಿ ನೀರಾದ ಅಂಟು ಬೇಡ. ಆಮ್ಲ ಹರಡಿ ಅಕ್ಷರವೇ ಕಾಗದವನ್ನು ತಿನ್ನುತ್ತದೆ. ಹಾಳೆಗಳನ್ನು ಹೆಚ್ಚಾಗಿ ಹೊಲಿದಿರುವುದಿಲ್ಲ. ಕ್ರಮ ತಪ್ಪಿದರೆ ಪುಟದಡಿ ಬರೆದಿರುವ, ಮುಂದಿನ ಪುಟದ ಮೊದಲ ಪದವೇ ದಾರಿದೀಪ.

ಅಂದಹಾಗೆ ಎಲ್ಲವೂ ಅರಬ್ಬಿ ಭಾಷೆಯಲ್ಲಿಲ್ಲ. ಅರಬ್ಬಿ ಲಿಪಿಯಲ್ಲಿ ಬರೆದ ಸೊಂಗೈ, ಫುಲಾನಿ ಎಂಬ ಆಫ್ರಿಕಾದ ಭಾಷೆಗಳ ಬರಹಗಳೂ ಇವೆ. ಆಫ್ರಿಕಾಕ್ಕೆ ಲಿಖಿತ ಚರಿತ್ರೆಯೇ ಇಲ್ಲ ಎಂಬ ವಸಾಹತು ಕಾಲದ ಮಾತು ಇಲ್ಲೇ ಬಿದ್ದುಹೋಗುತ್ತದೆ.