ಕೋರ್ಟ್ ಕಟ್ಟೆ: ಕೊಲೆಗೆ ಶಿಕ್ಷೆಯೇ ಇಲ್ಲದಿದ್ದರೆ?

(ಧಾರವಾಡದ ನ್ಯಾಯಾಲಯದಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತರಾದ ನಮ್ಮ ಅಂಕಣಕಾರ್ತಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಅಕ್ಕಾರ, ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಮೂವರು ನಾವು. ಹೊಸ ಕಾನೂನು ಓದುವಾಗ ವಾದ ಹತ್ತಿತು. ನಾಳೆಯಿಂದ ಕೊಲೆಗೆ ಶಿಕ್ಷೆಯೇ ಇಲ್ಲ ಅಂತಾದರೆ ಏನಾಗುತ್ತದೆ? ವಾರದಲ್ಲಿ ಅರ್ಧ ಊರು ಖಾಲಿ ಅಂತ ಒಬ್ಬನ ವಾದ. ಏನೂ ಆಗಲ್ಲ, ಜನ ಒಳ್ಳೆಯವರು ಅಂತ ಇನ್ನೊಬ್ಬನದು. ನೀವು ಯಾರ ಕಡೆ?
– ರಾಣೆಬೆನ್ನೂರಿನ ಹುಡುಗ, ಧಾರವಾಡ

ಉತ್ತರ: ಇಬ್ಬರ ಕಡೆಯೂ ಅಲ್ಲ, ತಮ್ಮಾ.

ಮೊದಲು ಪರೀಕ್ಷೆಗೆ ಬೇಕಾದದ್ದು ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಐಪಿಸಿ 302 ಹೋಗಿ ಭಾರತೀಯ ನ್ಯಾಯ ಸಂಹಿತೆಯ 103 ಬಂದಿದೆ. ಶಿಕ್ಷೆ ಅದೇ: ಮರಣದಂಡನೆ ಇಲ್ಲವೇ ಜೀವಾವಧಿ, ಜೊತೆಗೆ ದಂಡ. ಕೋರ್ಟ್ ಮುಂದಿನ ಚಹಾದಂಗಡಿಯಲ್ಲಿ ಮಾತ್ರ ಇನ್ನೂ ‘ತ್ರೀ ನಾಟ್ ಟೂ’ ಅಂತಲೇ ಅನ್ನುತ್ತಾರೆ. ನೀವು ಉತ್ತರಪತ್ರಿಕೆಯಲ್ಲಿ ಹಾಗೆ ಬರೆಯಬೇಡಿ.

ಇನ್ನು ವಾದ. ಕೋರ್ಟಿನಲ್ಲಿ ಮುದ್ದೆಮಾಲು ಅಂತ ಇರುತ್ತದೆ. ಕೊಲೆಗೆ ಬಳಸಿದ ವಸ್ತುವಿಗೆ ಚೀಟಿ ಅಂಟಿಸಿ, ಅರಗಿನ ಮುದ್ರೆ ಒತ್ತಿ ಪೊಲೀಸರು ತಂದು ಕೊಡುತ್ತಾರೆ. ಸಾಕ್ಷಿ ನಡೆಯುವಾಗ ಅದನ್ನು ಬಿಚ್ಚಿ ತೋರಿಸಬೇಕು. ಆ ಗಂಟುಗಳಲ್ಲಿ ನಾನು ನೋಡಿದ್ದು ಜಾಸ್ತಿ ಕೊಡಲಿ, ಕುಡಗೋಲು, ಒನಕೆ, ಇಲ್ಲಾ ಬೀದಿಯ ಕಲ್ಲು. ಪಿಸ್ತೂಲು ಬಲು ಅಪರೂಪ. ಕಟಕಟೆಯಲ್ಲಿ ನಿಂತವನೂ ಬಹುತೇಕ ಸತ್ತವನ ದಾಯಾದಿಯೋ, ಅಳಿಯನೋ, ಬದುವಿನ ಆಚೆ ಬದಿಯ ಹೊಲದವನೋ ಆಗಿರುತ್ತಿದ್ದ. ಇದು ನಮ್ಮ ಜಿಲ್ಲೆಯ ಕಥೆ ಮಾತ್ರ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣ ದಾಖಲಾದವು. ಅವುಗಳಲ್ಲಿ 9,962ಕ್ಕೆ ಕಾರಣ ಜಗಳ, ತಂಟೆ. ಬೇರೆ ಯಾವ ಕಾರಣವೂ ಅದರ ಹತ್ತಿರ ಬರುವುದಿಲ್ಲ.

ಬದುವಿನ ಮೇಲೆ ನಿಂತು ಕುಡಗೋಲು ಎತ್ತಿದವನಿಗೆ ಆ ಗಳಿಗೆಯಲ್ಲಿ ಯಾವ ಸೆಕ್ಷನ್ನೂ ನೆನಪಾಗುವುದಿಲ್ಲ. ಶಿಕ್ಷೆ ಇದ್ದರೂ ಎತ್ತುತ್ತಾನೆ, ಇಲ್ಲದಿದ್ದರೂ ಎತ್ತುತ್ತಾನೆ. ಹಾಗಾಗಿ ಆ ಮೊದಲ ಕೊಲೆಯ ಲೆಕ್ಕದಲ್ಲಿ ದೊಡ್ಡ ಫರಕು ಬೀಳಲಿಕ್ಕಿಲ್ಲ. ಫರಕು ಬೀಳುವುದು ಮಣ್ಣು ಮಾಡಿ ಬಂದ ಸಂಜೆ.

ಈಗ ಏನಾಗುತ್ತದೆ ನೋಡಿ. ಸತ್ತವನ ತಮ್ಮ ಹಲ್ಲು ಕಚ್ಚಿಕೊಂಡು ಠಾಣೆಗೆ ಹೋಗಿ ಫಿರ್ಯಾದಿ ಕೊಡುತ್ತಾನೆ. ಅಲ್ಲಿಂದ ಮುಂದೆ ಕೇಸು ಅವನದಲ್ಲ. ‘ಕರ್ನಾಟಕ ರಾಜ್ಯ ವಿರುದ್ಧ ಇಂಥವರು’ ಅಂತ ಕೂಗುತ್ತಾರೆ. ಅವನು ಬರೀ ಸಾಕ್ಷಿ. “ಸತ್ತಾಂವ ನಮ್ಮಣ್ಣ, ಕೇಸ್ ಸರಕಾರದ್ದು ಹೆಂಗ್ರೀ?” ಅಂತ ನನ್ನ ಟೇಬಲ್ಲಿಗೆ ಬಂದು ಜಗಳ ಮಾಡಿದವರಿದ್ದಾರೆ. ಅವರ ಸಿಟ್ಟು ಸುಳ್ಳಲ್ಲ. ಆದರೆ ಸೇಡು ತೀರಿಸುವ ಹೊರೆಯನ್ನು ಸರಕಾರ ಅವನ ಹೆಗಲಿನಿಂದ ಇಳಿಸಿಕೊಂಡಿರುತ್ತದೆ. ಶಿಕ್ಷೆಯನ್ನು ತೆಗೆದುಹಾಕಿದರೆ ಆ ಹೊರೆ ತಿರುಗಿ ಅವನ ಹೆಗಲಿಗೇ. ಅವನಿಗೆ ಮನಸ್ಸಿರಲಿ, ಬಿಡಲಿ. ತಾಯಿ ಊಟ ಬಿಡುತ್ತಾಳೆ, ಸೋದರಮಾವ ಹಂಗಿಸುತ್ತಾನೆ, ಕಟ್ಟೆಯ ಮೇಲೆ ಕೂತವರು ಮೀಸೆ ಕಡೆ ನೋಡುತ್ತಾರೆ. ಎರಡನೇ ಹೆಣ ಬೀಳುತ್ತದೆ. ಮೂರನೆಯದನ್ನು ನಾನು ಹೇಳಬೇಕಾಗಿಲ್ಲ.

ಕಲ್ಪನೆಯೂ ಬೇಕಾಗಿಲ್ಲ. ಯುರೋಪಿನ ಅಲ್ಬೇನಿಯಾ ದೇಶದ ಉತ್ತರದ ಗುಡ್ಡಗಾಡಿನಲ್ಲಿ ರಕ್ತಕ್ಕೆ ರಕ್ತ ಅನ್ನುವ ಹಳೇ ಕಟ್ಟಳೆ ಇತ್ತು. ಮನೆಯೊಳಗೆ ಇದ್ದವನನ್ನು ಕೊಲ್ಲುವಂತಿಲ್ಲ, ಹೊರಗೆ ಸಿಕ್ಕರೆ ಕೊಲ್ಲಬಹುದು. ಅದಕ್ಕೇ ಕಿರಿದಾದ ಕಿಟಕಿಗಳ ಕಲ್ಲಿನ ಗೋಪುರದಂಥ ಮನೆ ಕಟ್ಟಿಕೊಂಡರು. 1990ರ ದಶಕದಲ್ಲಿ ಅಲ್ಲಿನ ಸರಕಾರ ಸಡಿಲವಾದಾಗ ಆ ಕಟ್ಟಳೆ ಮತ್ತೆ ಎದ್ದಿತು. ಗಂಡಸರು, ಶಾಲೆಗೆ ಹೋಗಬೇಕಾದ ಹುಡುಗರು ವರ್ಷಗಟ್ಟಲೆ ಹೊಸಿಲು ದಾಟಲಿಲ್ಲ. ಸಂತೆ, ದುಡಿಮೆ ಎಲ್ಲ ಹೆಂಗಸರ ಪಾಲಿಗೆ ಬಂತು.

ಅಷ್ಟು ದೂರ ಹೋಗುವುದೂ ಬೇಡ ಅನ್ನಿ. ಗದಗ, ಹಾವೇರಿ ಕಡೆಯ ಹಳೇ ಊರುಗಳನ್ನು ಕಣ್ಣು ಬಿಟ್ಟು ನೋಡಿ. ರಾತ್ರಿ ಮುಚ್ಚುವ ಅಗಸಿ ಬಾಗಿಲು. ನಡುವೆ ಹುಡೇವು, ಅಂದರೆ ಮೇಲೇರಿ ನಿಂತು ಊರು ಕಾಯುವ ಬುರುಜು. ದೇಸಾಯರ ವಾಡೆಗೆ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದ ದಿಡ್ಡಿ ಬಾಗಿಲು. ಕಾಳನ್ನು ನೆಲದೊಳಗೆ ಹಗೇವಿನಲ್ಲಿ ಹೂಳುತ್ತಿದ್ದರು. ಹುಳ ಹಿಡಿಯಬಾರದು ಅನ್ನುವುದು ಒಂದು, ಲೂಟಿಗೆ ಬಂದವರ ಕಣ್ಣಿಗೆ ಬೀಳಬಾರದು ಅನ್ನುವುದು ಇನ್ನೊಂದು. ಊರ ಹೊರಗೆ ವೀರಗಲ್ಲು. ಕೆಳಗಿನ ಸಾಲಿನಲ್ಲಿ ದನಗಳು ಮತ್ತು ಕಾದಾಟ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ತುರು ಕದ್ದವರ ಬೆನ್ನು ಹತ್ತಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಅಂತ ಭೂಮಿ ಕೊಡುತ್ತಿದ್ದರು. ನಾವು ಆ ಕಲ್ಲಿಗೆ ಎಣ್ಣೆ ಹಚ್ಚಿ ಕೈ ಮುಗಿಯುತ್ತೇವೆ. ನನಗೆ ಮಾತ್ರ ಅದನ್ನು ನೋಡಿದಾಗ, ಠಾಣೆ ಇದ್ದಿದ್ದರೆ ಆ ಹುಡುಗ ಮನೆಗೆ ಬಂದು ರೊಟ್ಟಿ ತಿನ್ನುತ್ತಿದ್ದ ಅನಿಸುತ್ತದೆ.

ಇನ್ನು ನಾಳೆಯ ಹುಬ್ಬಳ್ಳಿ-ಧಾರವಾಡ. ನಿಮ್ಮ ರೂಮಿನ ಮಾಲೀಕ ಅಡ್ವಾನ್ಸ್ ಕೇಳುವ ಮೊದಲು “ಅಣ್ತಮ್ಮಂದಿರು ಎಷ್ಟು ಮಂದಿ?” ಅಂತ ಕೇಳುತ್ತಾನೆ. ಮಂದಿ ಜಾಸ್ತಿ ಇದ್ದವನ ಹತ್ತಿರ ಬಾಡಿಗೆ ವಸೂಲಿ ಕಷ್ಟ. ಕಡಿಮೆ ಇದ್ದವನಿಗೆ ಬಾಯಿಲ್ಲ. ಹೆಣ್ಣು ಕೊಡುವವರೂ ನೌಕರಿಗಿಂತ ಮುಂಚೆ ಮನೆಯ ಗಂಡಸರ ತಲೆ ಎಣಿಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಉದ್ರಿ ಬಂದ್. ಕೊಟ್ಟ ಹಣ ವಾಪಸ್ ಕೇಳುವುದೇ ಗಂಡಾಂತರ ಅಂದ ಮೇಲೆ ಯಾವ ದಲಾಲಿ ಮುಂಗಡ ಕೊಟ್ಟಾನು? ಹದ್ದುಬಸ್ತು ಅಳತೆಗೆ ಬರುವ ಸರ್ವೆಯರ್ ಚೈನು ಎಳೆಯುವ ಮುಂಚೆ ಎರಡೂ ಕಡೆಯವರ ಮುಖ ನೋಡಿ, ಗಟ್ಟಿ ಇದ್ದವರ ಕಡೆಗೇ ಕಲ್ಲು ನೆಡುತ್ತಾನೆ. ದುಡ್ಡಿದ್ದವರು ಕಾವಲಿಗೆ ಜನ ಇಟ್ಟುಕೊಳ್ಳುತ್ತಾರೆ. ಸ್ವಲ್ಪ ದಿನಕ್ಕೆ ಆ ಕಾವಲಿನವರೇ ಊರಿನ ಯಜಮಾನರು.

ಎಲ್ಲಕ್ಕಿಂತ ನನಗೆ ದಿಗಿಲಾಗುವುದು ಒಂಟಿ ಮುದುಕಿಯರದು. ಮಾಳಮಡ್ಡಿಯಲ್ಲಿ ದೊಡ್ಡ ಮನೆ, ಮಕ್ಕಳು ಪುಣೆಯಲ್ಲಿ, ನೋಡಿಕೊಳ್ಳಲು ದೂರದ ಸಂಬಂಧಿ. ಆ ಅಜ್ಜಿ ಯಾರ ಕೈಯ ಚಹಾ ಕುಡಿಯಬೇಕು? ಹೊಲದಲ್ಲಿ ಸಿಟ್ಟಿಗೆದ್ದವನ ಹಾಗಲ್ಲ ಇದು. ಇಲ್ಲಿ ಕೂತು ಲೆಕ್ಕ ಹಾಕುತ್ತಾರೆ. ಲೆಕ್ಕ ಹಾಕುವವನನ್ನೇ ಶಿಕ್ಷೆಯ ಹೆದರಿಕೆ ತಡೆಯುವುದು. (ಕೊಂದವನಿಗೆ ಸತ್ತವರ ಆಸ್ತಿ ಬರುವುದಿಲ್ಲ ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಮು ಹೇಳುತ್ತದೆ. ಅದು ಶಿಕ್ಷೆಯಲ್ಲ. ಹಾಗಾಗಿ ನಿಮ್ಮ ಆಟದಲ್ಲಿ ಅದು ಉಳಿಯುತ್ತದೆ ಅಂತ ನೀವು ವಾದಿಸಬಹುದು. ಒಳ್ಳೆಯ ಪಾಯಿಂಟು. ಆದರೆ ಕೊಂದವರು ಯಾರು ಅಂತ ತನಿಖೆ ಮಾಡುವವರು ಯಾರು?)

ಹೆದರಿಕೆ ಎಲ್ಲರನ್ನೂ ತಡೆಯುವುದಿಲ್ಲ, ಅದೂ ಗೊತ್ತು. 2015ರ ಆಗಸ್ಟ್ 30ರ ಬೆಳಗ್ಗೆ ಇಲ್ಲಿನ ಕಲ್ಯಾಣನಗರದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಬಾಗಿಲು ಬಡಿದರೆ ‘ಬರ್ರಿ, ಚಹಾ ಕುಡೀರಿ’ ಅನ್ನುವ ಊರು ಇದು. ಅದಾದ ಮೇಲೆ ಎಷ್ಟೋ ಮನೆಗಳಲ್ಲಿ ಮೊದಲು ಕಿಟಕಿಯಿಂದ ನೋಡುವ ರೂಢಿ ಬಂತು. ಶಿಕ್ಷೆ ಇರುವಾಗಲೇ ಒಂದು ಕೊಲೆಗೆ ಇಷ್ಟು ಆಯಿತು ಅಂದರೆ, ಶಿಕ್ಷೆ ಇಲ್ಲದ ಧಾರವಾಡದಲ್ಲಿ ಯಾರು ಲೇಖನ ಬರೆಯುತ್ತಾರೆ, ಯಾರು ಪೇಪರ್ ತಿದ್ದಿ ನಿಮ್ಮನ್ನು ನಪಾಸು ಮಾಡುತ್ತಾರೆ ನೀವೇ ಯೋಚಿಸಿ.

ಪ್ರಶ್ನೆ: ಜೀವ ಉಳಿಸಿಕೊಳ್ಳಲು ಕೊಂದರೆ ಈಗಲೂ ಶಿಕ್ಷೆ ಇಲ್ಲ ಅನ್ನುತ್ತಾರೆ. ಹಾಗಾದರೆ ಕೊಂದವರೆಲ್ಲ ಅದನ್ನೇ ಹೇಳಿ ಪಾರಾಗಬಹುದಲ್ಲವೇ?
– ಓದುಗರು, ಹಾವೇರಿ

ಉತ್ತರ: ಹೇಳುತ್ತಾರೆ, ಬಹಳ ಮಂದಿ ಹೇಳುತ್ತಾರೆ. ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯವು. ಪ್ರಾಣಕ್ಕೆ ಕುತ್ತು ಬಂದಾಗ ತಿರುಗಿ ಹೊಡೆದು ಎದುರಿನವನು ಸತ್ತರೆ ಅದು ಅಪರಾಧವಲ್ಲ. ಆದರೆ ಹಾಗೆ ಹೇಳುವವನೇ ಅದನ್ನು ಕೋರ್ಟಿಗೆ ತೋರಿಸಿಕೊಡಬೇಕು. ಬೇಕಾದಷ್ಟಕ್ಕಿಂತ ಜಾಸ್ತಿ ಹೊಡೆಯುವಂತಿಲ್ಲ. ಪೋಸ್ಟ್ ಮಾರ್ಟಂ ವರದಿಯಲ್ಲಿ ಗಾಯಗಳೆಲ್ಲ ಬೆನ್ನ ಮೇಲೆ ಇದ್ದರೆ, ಓಡುತ್ತಿದ್ದವನಿಂದ ನಿಮಗೆಂಥ ಕುತ್ತು ಅಂತ ಜಡ್ಜ್ ಸಾಹೇಬರು ಕೇಳಿಯೇ ಕೇಳುತ್ತಾರೆ.

ಪ್ರಶ್ನೆ: ಅಕ್ಕಾರ, ನಮ್ಮ ಯಜಮಾನರ ತಮ್ಮನನ್ನು ಹೊಲದ ಜಗಳದಲ್ಲಿ ಕೊಂದರು. ಈಗ ಹಿರಿಯರು ಕೂಡಿ ‘ಇಷ್ಟು ರೊಕ್ಕ ತಗೊಂಡು ರಾಜಿ ಆಗ್ರಿ, ಕೇಸ್ ಮುಗಿತದ’ ಅನ್ನುತ್ತಿದ್ದಾರೆ. ಹಾಗೆ ಮಾಡಲು ಬರುತ್ತದೆಯೇ?
– ನೊಂದ ಓದುಗರು, ಗದಗ ಜಿಲ್ಲೆ

ಉತ್ತರ: ಬರುವುದಿಲ್ಲ, ಅವ್ವಾ. ಕೊಲೆ ಕೇಸು ರಾಜಿಗೆ ಬರುವ ಕೇಸಲ್ಲ. ನೀವು ಸಹಿ ಹಾಕಿದರೂ ಅದು ನಡೆಯುತ್ತದೆ. ರಾಜಿಯಾಗಿದ್ದೀರಿ ಅಂತ ನಿಮ್ಮವರು ಕೋರ್ಟಿನಲ್ಲಿ ಸಾಕ್ಷಿ ತಿರುಗಿಸಿದರೆ, ಸುಳ್ಳು ಸಾಕ್ಷಿಯ ತೊಂದರೆ ನಿಮ್ಮವರಿಗೇ ಸುತ್ತಿಕೊಳ್ಳುತ್ತದೆ.

ಯಾಕೆ ಇಷ್ಟು ಬಿಗಿ ಅಂತೀರಾ? ಪಾಕಿಸ್ತಾನದಲ್ಲಿ ಸತ್ತವರ ಮನೆಯವರು ಕ್ಷಮಿಸಬಹುದು, ಹಣ ಪಡೆದು ಬಿಡಬಹುದು ಅಂತ 1990ರಲ್ಲಿ ಕಾನೂನು ಬಂತು. ಮನೆತನದ ಮರ್ಯಾದೆ ಅಂತ ಅಣ್ಣನೇ ತಂಗಿಯನ್ನು ಕೊಲ್ಲುವುದು, ಅಪ್ಪ ಅವನನ್ನು ಕ್ಷಮಿಸುವುದು, ಅಲ್ಲಿಗೆ ಮುಗಿಯಿತು. ಕೊಂದವರೂ ಮನೆಯವರೇ, ಕ್ಷಮಿಸಿದವರೂ ಮನೆಯವರೇ. ಕೊನೆಗೆ 2016ರಲ್ಲಿ ತಿದ್ದುಪಡಿ ತಂದು, ಮರ್ಯಾದೆಯ ಹೆಸರಿನ ಕೊಲೆಯಲ್ಲಿ ಕ್ಷಮಿಸಿದರೂ ಜೀವಾವಧಿ ತಪ್ಪದಂತೆ ಮಾಡಿದರು. ಮೇಲಿನ ರಾಣೆಬೆನ್ನೂರಿನ ಹುಡುಗನೂ ಇದನ್ನು ಓದಲಿ.

ನಿಮಗೆ ಮನೆ ನಡೆಸಲು ಹಣದ ಅಡಚಣೆ ಇದ್ದರೆ ದಾರಿ ಬೇರೆ ಇದೆ. ಗದಗಿನ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ. ಸಂತ್ರಸ್ತರ ಪರಿಹಾರಕ್ಕೆ ಅಲ್ಲಿ ಅರ್ಜಿ ಕೊಡಿ. ಎಫ್‌ಐಆರ್ ನಕಲು, ಪೋಸ್ಟ್ ಮಾರ್ಟಂ ವರದಿ, ಮರಣ ಪ್ರಮಾಣಪತ್ರ, ನಿಮ್ಮ ಮೈದುನನ ಹೆಂಡತಿ-ಮಕ್ಕಳ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ವಕೀಲರೂ ಅಲ್ಲಿಂದಲೇ ಉಚಿತವಾಗಿ ಸಿಗುತ್ತಾರೆ. ಹಿರಿಯರು ಮತ್ತೆ ಬಂದರೆ ಚಹಾ ಕೊಟ್ಟು ಕಳಿಸಿ. ಒತ್ತಾಯ ಮಾಡಿದರೆ ಯಾರು, ಯಾವತ್ತು, ಏನಂದರು ಅಂತ ಬರೆದಿಟ್ಟು ಸರಕಾರಿ ವಕೀಲರ ಕೈಗೆ ಕೊಡಿ.