ಆ್ಯನ್ ಆರ್ಬರ್‌ನ ಶನಿವಾರಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡೆಗಳ ಬಗ್ಗೆ ಹಲವು ಪತ್ರಗಳು ಬಂದಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಡಲಾಗಿದೆ.

ಪ್ರಶ್ನೆ: ನಮ್ಮ ಮಗಳು ಆ್ಯನ್ ಆರ್ಬರ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಶನಿವಾರ ಫೋನ್ ಮಾಡಿದರೆ ‘ಇವತ್ತು ಮ್ಯಾಚ್ ಇದೆ, ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ’ ಎನ್ನುತ್ತಾಳೆ. ಕಾಲೇಜು ಹುಡುಗರ ಆಟಕ್ಕೆ ಲಕ್ಷ ಜನ ಸೇರುತ್ತಾರೆಯೇ? (ಓದುಗರು, ದಾವಣಗೆರೆ)

ಉತ್ತರ: ಸೇರುತ್ತಾರೆ. 1927ರಲ್ಲಿ ಕಟ್ಟಿದ ಅಲ್ಲಿನ ಕ್ರೀಡಾಂಗಣದಲ್ಲಿ ಈಗ 1,07,601 ಆಸನಗಳಿವೆ. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಕ್ರೀಡಾಂಗಣವಿಲ್ಲ. ಆ್ಯನ್ ಆರ್ಬರ್‌ನ ಜನಸಂಖ್ಯೆಯೇ ಒಂದೂಕಾಲು ಲಕ್ಷದ ಆಸುಪಾಸು ಇರುವಾಗ ನಿಮ್ಮ ಮಗಳ ಮಾತಿನಲ್ಲಿ ಅತಿಶಯೋಕ್ತಿಯೇನೂ ಇಲ್ಲ. ಕೊರೊನಾ ಕಾಲದ 2020ನೇ ವರ್ಷವೊಂದನ್ನು ಬಿಟ್ಟರೆ, 1975ರ ನವೆಂಬರ್‌ನಿಂದ ಈಚೆಗೆ ಇಲ್ಲಿ ನಡೆದ ಪ್ರತಿಯೊಂದು ಫುಟ್‌ಬಾಲ್ ಪಂದ್ಯಕ್ಕೂ ಲಕ್ಷಕ್ಕಿಂತ ಹೆಚ್ಚು ಪ್ರೇಕ್ಷಕರು ಬಂದಿದ್ದಾರೆ. ಇಲ್ಲಿ ಫುಟ್‌ಬಾಲ್ ಎಂದರೆ ನಾವು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ.

ಕಾಲೇಜು ಆಟಕ್ಕೆ ಇಷ್ಟು ಜನ ಸೇರುವುದಕ್ಕೆ ಕಾರಣ ಚರಿತ್ರೆಯಲ್ಲಿದೆ. ಮಿಷಿಗನ್ ತಂಡ ಮೊದಲ ಪಂದ್ಯ ಆಡಿದ್ದು 1879ರಲ್ಲಿ; ಇಂದಿನ ವೃತ್ತಿಪರ ಲೀಗ್ ಹುಟ್ಟಿದ್ದು 1920ರಲ್ಲಿ. ಅಂದರೆ ಸಂಬಳಕ್ಕಾಗಿ ಆಡುವವರ ಲೀಗು ಬರುವ ಹೊತ್ತಿಗೆ ವಿಶ್ವವಿದ್ಯಾಲಯಗಳ ಆಟಕ್ಕೆ ಎರಡು ತಲೆಮಾರಿನ ಅಭಿಮಾನಿಗಳು ಸಿದ್ಧರಾಗಿದ್ದರು. ಜೊತೆಗೆ, ಪ್ರೌಢಶಾಲೆ ಮುಗಿಸಿ ಮೂರು ವರ್ಷ ಕಳೆಯದ ಹುಡುಗನನ್ನು ವೃತ್ತಿಪರ ಲೀಗ್ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಪ್ರತಿಭಾವಂತರೆಲ್ಲರೂ ಬಹುಮಟ್ಟಿಗೆ ವಿಶ್ವವಿದ್ಯಾಲಯದ ಬಾಗಿಲಿನ ಮೂಲಕವೇ ಹಾದುಹೋಗಬೇಕು. ನಮ್ಮಲ್ಲಿ ಕ್ರಿಕೆಟ್ ಆಡುವ ಹುಡುಗ ಕ್ಲಬ್ಬಿನಿಂದ ರಾಜ್ಯ ಸಂಸ್ಥೆಗೆ, ಅಲ್ಲಿಂದ ರಣಜಿ ತಂಡಕ್ಕೆ ಏರುತ್ತಾನೆ. ಅವನ ಕಾಲೇಜು ಯಾವುದೆಂದು ಕೇಳುವವರೇ ಇಲ್ಲ.

ಪ್ರಶ್ನೆ: ಒಂದು ಹೂಜಿಗಾಗಿ ಎರಡು ವಿಶ್ವವಿದ್ಯಾಲಯಗಳು ನೂರು ವರ್ಷಗಳಿಂದ ಸೆಣಸುತ್ತಿವೆ ಎಂದು ಕೇಳಿದ್ದೇನೆ. ಇದು ಕಟ್ಟುಕಥೆಯೇ? (ಓದುಗರು, ಶಿವಮೊಗ್ಗ)

ಉತ್ತರ: ಕಥೆಗೆ ಒಂದಿಷ್ಟು ಬಣ್ಣ ಬಳಿದಿರಬಹುದು, ಹೂಜಿಯಂತೂ ನಿಜ. 1903ರಲ್ಲಿ ಮಿಷಿಗನ್ ತಂಡ ಮಿನೆಸೋಟಾ ವಿಶ್ವವಿದ್ಯಾಲಯದ ವಿರುದ್ಧ ಆಡಲು ಮಿನಿಯಾಪೊಲಿಸ್‌ಗೆ ಹೋಗಿತ್ತು. ಎದುರಾಳಿಗಳು ಕೊಡುವ ನೀರಿನ ಮೇಲೆ ನಂಬಿಕೆಯಿಲ್ಲದ ಕೋಚ್ ಫೀಲ್ಡಿಂಗ್ ಯೋಸ್ಟ್, ಅಂಗಡಿಯಿಂದ ಬೇರೆಯೇ ಒಂದು ಹೂಜಿ ತರಿಸಿದರು. ಅದಕ್ಕೆ 30 ಸೆಂಟ್ ಕೊಟ್ಟರೆಂದು ಹೇಳುತ್ತಾರೆ. ಆಗ ಮಿಷಿಗನ್ ಸತತವಾಗಿ ಗೆಲ್ಲುತ್ತಿದ್ದ ಕಾಲ. ಪಂದ್ಯ 6–6ರಲ್ಲಿ ಸಮವಾದಾಗ ಮಿನೆಸೋಟಾದ ಜನ ಹರ್ಷ ತಡೆಯಲಾರದೆ ಮೈದಾನಕ್ಕೆ ನುಗ್ಗಿದರು, ಆಟ ಅವಧಿಗೆ ಮುಂಚೆಯೇ ನಿಂತಿತು, ಆ ಗದ್ದಲದಲ್ಲಿ ಹೂಜಿ ಅಲ್ಲೇ ಉಳಿಯಿತು. ಅದನ್ನು ಕಂಡ ಮಿನೆಸೋಟಾದ ಸಿಬ್ಬಂದಿ ಆಸ್ಕರ್ ಮನ್ಸನ್ ತಮ್ಮ ಕ್ರೀಡಾ ನಿರ್ದೇಶಕರಿಗೆ ತಲುಪಿಸಿದರು. ಹೂಜಿಯ ಮೇಲೆ ಅಂದಿನ ಅಂಕಗಳನ್ನು ಬರೆದು ಇಟ್ಟುಕೊಂಡರು. ಮಿಷಿಗನ್ ಮರಳಿ ಕೇಳಿದಾಗ ‘ಬೇಕಾದರೆ ಬಂದು ಗೆದ್ದುಕೊಂಡು ಹೋಗಿ’ ಎಂಬ ಉತ್ತರ ಸಿಕ್ಕಿತೆಂಬುದು ಪ್ರತೀತಿ. 1909ರಲ್ಲಿ ಅವರು ಗೆದ್ದೂ ಒಯ್ದರು. ಅಂದಿನಿಂದ ಅದು ಗೆದ್ದವರ ಮನೆಯಲ್ಲಿರುತ್ತದೆ. ಸಮಿತಿ ಕೂರಿಸಿ, ಪ್ರಾಯೋಜಕರನ್ನು ಹುಡುಕಿ ಮಾಡಿಸಿದ ಯಾವ ಬೆಳ್ಳಿಯ ಪಾರಿತೋಷಕಕ್ಕೂ ಇಷ್ಟು ಮರ್ಯಾದೆ ಸಿಕ್ಕಿರುವುದನ್ನು ನಾನು ಕಾಣೆ.

ಪ್ರಶ್ನೆ: ನೆರೆರಾಜ್ಯದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮೇಲೆ ಮಿಷಿಗನ್‌ನವರಿಗೆ ಅಷ್ಟು ದ್ವೇಷವೇಕೆ? ಗಡಿ ವಿವಾದವೇ ಮೂಲವಂತೆ ಹೌದೇ? (ಓದುಗರು, ಬೆಳಗಾವಿ)

ಉತ್ತರ: ಗಡಿ ವಿವಾದ ಇದ್ದದ್ದು ನಿಜ. 1835ರಲ್ಲಿ ಟೊಲೀಡೊ ಪಟ್ಟಣದ ಸುತ್ತಲಿನ ಪಟ್ಟಿಗಾಗಿ ಮಿಷಿಗನ್, ಒಹಾಯೊ ಎರಡೂ ಕಡೆಯವರು ಸಶಸ್ತ್ರ ಪಡೆಗಳನ್ನೇ ಕರೆಸಿದ್ದರು. ಕೊನೆಗೆ ಟೊಲೀಡೊ ಒಹಾಯೊಗೆ ಹೋಗಿ, ಮಿಷಿಗನ್‌ಗೆ ಉತ್ತರದ ಪರ್ಯಾಯ ದ್ವೀಪ ಸಿಕ್ಕಿತು. ಬೆಳಗಾವಿಯವರಾದ ನಿಮಗೆ ಈ ಹೋಲಿಕೆ ಹಿಡಿಸುವುದು ಸಹಜವೇ. ಆದರೆ ಎರಡು ತಂಡಗಳು ಮೊದಲು ಎದುರಾದದ್ದು 1897ರಲ್ಲಿ, ವಿವಾದ ತಣ್ಣಗಾಗಿ ಅರವತ್ತು ವರ್ಷಗಳಾದ ಮೇಲೆ. ನನ್ನ ಎಣಿಕೆಯಲ್ಲಿ ಇಂದಿನ ಕಾವಿಗೆ ಗಡಿಗಿಂತ 1969ನೇ ವರ್ಷವೇ ಹೆಚ್ಚು ಕಾರಣ. ಒಹಾಯೊ ಸ್ಟೇಟ್‌ನ ಕೋಚ್ ವುಡಿ ಹೇಯ್ಸ್ ಅವರ ಗರಡಿಯಲ್ಲೇ ಪಳಗಿದ್ದ ಬೋ ಶೆಂಬೆಕ್ಲರ್ ಆ ವರ್ಷ ಮಿಷಿಗನ್‌ಗೆ ಬಂದು, ಸತತ 22 ಪಂದ್ಯ ಗೆದ್ದಿದ್ದ ಗುರುವಿನ ತಂಡವನ್ನು 24–12ರಿಂದ ಸೋಲಿಸಿದರು. ಆ ವರ್ಷದಿಂದ 1978ರವರೆಗೆ ಗುರುಶಿಷ್ಯರ ನಡುವೆ ನಡೆದ ಪಂದ್ಯಗಳನ್ನು ಇಂದಿಗೂ ‘ಹತ್ತು ವರ್ಷಗಳ ಯುದ್ಧ’ ಎನ್ನುತ್ತಾರೆ. ಪ್ರತಿ ನವೆಂಬರ್ ಕೊನೆಗೆ ನಡೆಯುವ ಈ ಪಂದ್ಯದ ವಾರದಲ್ಲಿ ಒಹಾಯೊ ಸ್ಟೇಟ್‌ನ ಆವರಣದ ಫಲಕಗಳಲ್ಲಿರುವ ‘ಎಂ’ ಅಕ್ಷರದ ಮೇಲೆಲ್ಲ ಕೆಂಪು ಪಟ್ಟಿ ಅಂಟಿಸುತ್ತಾರೆ.

ಪ್ರಶ್ನೆ: ಅಮೆರಿಕದ ಅಧ್ಯಕ್ಷರಾಗಿದ್ದ ಜೆರಾಲ್ಡ್ ಫೋರ್ಡ್ ಮಿಷಿಗನ್ ತಂಡದಲ್ಲಿ ಆಡಿದ್ದರೇ? (ಓದುಗರು, ಮೈಸೂರು)

ಉತ್ತರ: ಆಡಿದ್ದರು. 1932ರಿಂದ 1934ರವರೆಗೆ ತಂಡದಲ್ಲಿದ್ದ ಅವರ 48ನೇ ಸಂಖ್ಯೆಯ ಅಂಗಿಯನ್ನು ವಿಶ್ವವಿದ್ಯಾಲಯ ಗೌರವಪೂರ್ವಕವಾಗಿ ಬಳಕೆಯಿಂದ ಹಿಂತೆಗೆಯಿತು. ಆದರೆ ಫೋರ್ಡ್ ಹೆಸರು ಬಂದಾಗ ವಿಲ್ಲಿಸ್ ವಾರ್ಡ್ ಹೆಸರನ್ನೂ ಹೇಳಲೇಬೇಕು. ವಾರ್ಡ್ ಕಪ್ಪುಜನಾಂಗದ ಆಟಗಾರ, ಓಟದಲ್ಲಿ ಒಲಿಂಪಿಕ್ಸ್ ಖ್ಯಾತಿಯ ಜೆಸ್ಸಿ ಓವೆನ್ಸ್ ಅವರನ್ನೂ ಒಮ್ಮೆ ಹಿಂದಿಕ್ಕಿದವರು, ಪ್ರಯಾಣದಲ್ಲಿ ಫೋರ್ಡ್ ಅವರ ಕೊಠಡಿಯ ಜೊತೆಗಾರ. 1934ರ ಅಕ್ಟೋಬರ್‌ನಲ್ಲಿ ಆ್ಯನ್ ಆರ್ಬರ್‌ಗೆ ಬರಬೇಕಿದ್ದ ಜಾರ್ಜಿಯಾ ಟೆಕ್ ತಂಡ, ವಾರ್ಡ್ ಮೈದಾನಕ್ಕಿಳಿದರೆ ತಾನು ಆಡುವುದಿಲ್ಲವೆಂದಿತು. ವಿದ್ಯಾರ್ಥಿಗಳು ಸಹಿ ಸಂಗ್ರಹಿಸಿ ಪ್ರತಿಭಟಿಸಿದರೂ ಮಿಷಿಗನ್ ಆಡಳಿತ ಮಣಿಯಿತು. ಬದಲಿಗೆ ಜಾರ್ಜಿಯಾದವರೂ ತಮ್ಮ ಒಬ್ಬ ಆಟಗಾರನನ್ನು ಹೊರಗಿಟ್ಟರು, ಅದರಿಂದ ಅನ್ಯಾಯ ಸರಿದೂಗಿತೆಂಬಂತೆ. ಆಡಬೇಕೇ ಬೇಡವೇ ಎಂಬ ತೊಳಲಾಟದಲ್ಲಿದ್ದ ಫೋರ್ಡ್, ವಾರ್ಡ್ ಅವರೇ ಹೇಳಿದ ಮೇಲೆ ಆಡಿದರು. ಮಿಷಿಗನ್ 9–2ರಿಂದ ಗೆದ್ದಿತು. ಇಡೀ ವರ್ಷ ಅವರು ಗೆದ್ದದ್ದು ಅದೊಂದೇ ಪಂದ್ಯ. ವಾರ್ಡ್ ಮುಂದೆ ನ್ಯಾಯಾಧೀಶರಾದರು. ಪ್ರವೇಶಾತಿಯಲ್ಲಿ ಜನಾಂಗವನ್ನು ಪರಿಗಣಿಸುವ ಮಿಷಿಗನ್‌ನ ನೀತಿಯನ್ನು ಸಮರ್ಥಿಸಿ 1999ರಲ್ಲಿ ಪತ್ರಿಕೆಗೆ ಬರೆದ ಲೇಖನದಲ್ಲಿ ಫೋರ್ಡ್ ಈ ಘಟನೆಯನ್ನೇ ನೆನೆದರು. ಪರಂಪರೆಯ ಬಗ್ಗೆ ಹೆಮ್ಮೆಪಡುವವರು ಹೂಜಿಯ ಕಥೆಯಷ್ಟೇ ಸಲೀಸಾಗಿ ಇದನ್ನೂ ಹೇಳಬೇಕು.

ಪ್ರಶ್ನೆ: ವಿದ್ಯಾರ್ಥಿಗಳಿಗೆ ಆಡಲು ಹಣ ಕೊಡುತ್ತಾರಂತೆ. ಹಾಗಾದರೆ ಅವರು ವಿದ್ಯಾರ್ಥಿಗಳೇ, ನೌಕರರೇ? (ಓದುಗರು, ಹುಬ್ಬಳ್ಳಿ)

ಉತ್ತರ: ಅಲ್ಲಿನ ನ್ಯಾಯಾಲಯಗಳೂ ಈ ಪ್ರಶ್ನೆಯೊಂದಿಗೆ ಹೆಣಗುತ್ತಿವೆ. ಬಹುಕಾಲ ಆಟಗಾರರಿಗೆ ಸಿಗುತ್ತಿದ್ದದ್ದು ಮುಖ್ಯವಾಗಿ ವಿದ್ಯಾರ್ಥಿವೇತನ, ಅಂದರೆ ಶುಲ್ಕ, ಊಟ, ವಸತಿ. ಅದೇ ವೇಳೆ ಕೋಚ್‌ಗಳು ಕೋಟಿಗಟ್ಟಲೆ ಪಡೆಯುತ್ತಿದ್ದರು. ಮಿಷಿಗನ್ ಕ್ರೀಡಾ ವಿಭಾಗದ ವಾರ್ಷಿಕ ಆದಾಯ 20 ಕೋಟಿ ಡಾಲರ್ ದಾಟಿದೆ. ಅದರಲ್ಲಿ ಸಿಂಹಪಾಲು ಫುಟ್‌ಬಾಲ್‌ನದು, ಈಜು, ಕುಸ್ತಿ, ಜಿಮ್ನಾಸ್ಟಿಕ್ಸ್ ಮುಂತಾದ ತಂಡಗಳೂ ಅದೇ ಹಣದಲ್ಲಿ ನಡೆಯುತ್ತವೆ. 2021ರ ಜುಲೈನಲ್ಲಿ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಕೊಟ್ಟು ಗಳಿಸಲು ಅನುಮತಿ ಸಿಕ್ಕಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ವಿಶ್ವವಿದ್ಯಾಲಯವೇ ನೇರವಾಗಿ ಹಣ ಹಂಚಬಹುದು; ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಇದು ತಡವಾಗಿ ಬಂದ ನ್ಯಾಯ ಎಂಬುದು ನನ್ನ ಅಭಿಪ್ರಾಯ. ಜೊತೆಗೆ ವಿಶ್ವವಿದ್ಯಾಲಯ ಬದಲಿಸುವ ನಿಯಮವೂ ಸಡಿಲವಾಗಿರುವುದರಿಂದ, ನಾಲ್ಕು ವರ್ಷ ಒಂದೇ ಬಣ್ಣದ ಅಂಗಿ ತೊಡುವ ಆಟಗಾರರು ವಿರಳವಾಗುತ್ತಿದ್ದಾರೆ ಎಂಬುದನ್ನೂ ಒಪ್ಪಬೇಕು. ಪರಂಪರೆಯನ್ನು ಹೊತ್ತವರು ಈಗ ಆಟಗಾರರಿಗಿಂತ ಹೆಚ್ಚಾಗಿ ಗ್ಯಾಲರಿಯಲ್ಲಿ ಕೂರುವ ಹಳೆಯ ವಿದ್ಯಾರ್ಥಿಗಳು.

ಪ್ರಶ್ನೆ: ನವೆಂಬರ್‌ನಲ್ಲಿ ಮಗನ ಬಳಿ ಹೋಗುತ್ತಿದ್ದೇವೆ. ಪಂದ್ಯ ನೋಡಬಹುದೇ? (ಓದುಗರು, ಉಡುಪಿ)

ಉತ್ತರ: ಖಂಡಿತ ನೋಡಿ, ಒಹಾಯೊ ಸ್ಟೇಟ್ ಪಂದ್ಯ ಬಿಟ್ಟು ಬೇರೊಂದನ್ನು ಆರಿಸಿದರೆ ಟಿಕೆಟ್ ಅಗ್ಗವಾಗಿ ಸಿಗುತ್ತದೆ. ಗಡಿಯಾರದ ಲೆಕ್ಕದಲ್ಲಿ ಆಟ 60 ನಿಮಿಷವಾದರೂ ಮುಗಿಯುವ ಹೊತ್ತಿಗೆ ಮೂರೂವರೆ ಗಂಟೆ ಹಿಡಿಯುತ್ತದೆ. ಕ್ರೀಡಾಂಗಣಕ್ಕೆ ಚಾವಣಿಯಿಲ್ಲ, ಬಹುಪಾಲು ಆಸನಗಳು ಉದ್ದನೆಯ ಬೆಂಚುಗಳು, ಆದ್ದರಿಂದ ಉಣ್ಣೆಯ ಬಟ್ಟೆ, ಕೈಗವಸು ಅಗತ್ಯ. ಬ್ಯಾಗು ತರುವ ಬಗ್ಗೆ ಕಟ್ಟುನಿಟ್ಟಿನ ನಿರ್ಬಂಧವಿದೆ. ಹೊರಡುವ ಮುನ್ನ ಮಗನಿಂದ ವಿಚಾರಿಸಿಕೊಳ್ಳಿ. ಬ್ಯಾಂಡಿನವರು ಸುರಂಗದಿಂದ ಓಡಿಬರುವುದನ್ನೂ, ಆಟಗಾರರು ಜಿಗಿದು ಬಾವುಟ ಮುಟ್ಟುವುದನ್ನೂ ನೋಡಬೇಕಾದರೆ ಅರ್ಧ ಗಂಟೆ ಮೊದಲೇ ಒಳಗಿರಿ. ಮಿಷಿಗನ್‌ನ ಬಣ್ಣಗಳಾದ ಹಳದಿ ಅಥವಾ ನೀಲಿ ಬಟ್ಟೆ ಹಾಕಿಕೊಳ್ಳಿ, ಒಹಾಯೊ ಸ್ಟೇಟ್‌ನ ಬಣ್ಣವಾದ ಕೆಂಪು ಸ್ವೆಟರ್ ಮಾತ್ರ ಬೇಡ.